ಹತ್ತ ರೂಪಾಯಿ ಕಾಯಿನ್ ಮ್ಯಾಲಿನ ಸಿಂಹ ಯಾರಿಗೆ ತೋರಸಾಕ?

ಹುಬ್ಬಳ್ಳಿ_ಗಿರಮಿಟ್:
ನಿನ್ನೆ ದುರ್ಗದಬೈಲಿನ್ಯಾಗ ಗಿರಮಿಟ್ ತಿಂದು ನೂರರ ನೋಟ್ ಕೊಟ್ರ ಚಿಲ್ಲರದಾಗ ಒಂದು ಹತ್ತ ರೂಪಾಯಿ ಕಾಯಿನ್ ಬಂತ್ರಿ, ಒಂದು ಕಡೆ ನಮ್ಮ ಅಶೋಕ ಸ್ತಂಭದ ಸಿಂಹ, ತಿರುವಿದ್ರ ಇನ್ನೊಂದು ಸಿಂಹದ ಮುಖ, ಇಂಡಿಯಾ ಆಫ್ರಿಕಾ ಫೋರಂ ಸಮ್ಮಿಟ್ 2015 ಅಂತ ಐತಿ. ಮುಂದ ಮೆಂತೆ ಪಲ್ಯೆ ತಗೊಳ್ಳಾಕ ಹೋದ್ರ ಅಜ್ಜಿ "ಇದು ನಡ್ಯಾಂಗಿಲ್ಲೋ ಯಪ್ಪಾ, ನೋಟ್ ಕೊಡು" ಅಂದ್ಳು. ಆಫ್ರಿಕಾದ 54 ದೇಶಕ್ಕ ಕರೆ ಕಳಿಸಿ ದಿಲ್ಲ್ಯಾಗ ಮಾಡಿದ ಸಮ್ಮಿಟ್‌ದ ಕಾಯಿನ್‌ಗೆ ಒಂದು ಪೆಂಡಿ ಮೆಂತೆ ಸಿಗವಲ್ತು! ಹಂಗಾರ ಯಾಕ ಹೊಡಸ್ತಾರ ಇವನ್ನ?

ಗದಗ_ಹಳೇರೊಕ್ಕ:
ಬ್ಯಾರೆ ದೇಶದವ್ರಿಗೆ ತೋರಸಾಕನ ಹೊಡಸ್ತಾರ್ರಿ, ಹೊಸಾದೇನಲ್ಲ. 1970ರ 20 ಪೈಸೆ ನೋಡೀರೇನು, ಕಮಲ, ಸೂರ್ಯ ಇರೋದು? ವಿಶ್ವಸಂಸ್ಥೆಯ ಆಹಾರ ಮತ್ತ ಕೃಷಿ ಸಂಸ್ಥೆ ಜೋಡಿ 'ಎಲ್ಲರಿಗೂ ಅನ್ನ' ಅಂತ ಹೊಡಸಿದ್ದದು, ಹಂಗ ಭಾಳ ದೇಶದವ್ರು ತಮ್ಮ ತಮ್ಮ ರೊಕ್ಕದ ಮ್ಯಾಲ ಹಾಕ್ಯಾರ. ನಮ್ಮವ್ವಗ ಅದೆಲ್ಲಾ ಏನ್ ಗೊತ್ತು, ಹಿತ್ತಾಳಿ ಬಣ್ಣ, ಮ್ಯಾಲ ಕಮಲ, ಹುಣಸಿಹಣ್ಣು ಹಚ್ಚಿ ತಿಕ್ಕಿ ಲಕ್ಷ್ಮಿ ಮುಂದ ಇಡ್ತಿದ್ಲು. ಆಮ್ಯಾಲ 1995ಕ್ಕ ವಿಶ್ವಸಂಸ್ಥೆಗೆ 50 ತುಂಬಿದಾಗ 5 ರೂಪಾಯಿದ್ದೂ ಬಂತು.

ಧಾರವಾಡ_ಮಳಿ:
ಎಲ್ಲಾ ಕಾಯಿನ್ನೂ ಕೈ ಕುಲುಕಾಕ ಬಂದಾವಲ್ಲ. ಕೋಮಗಾಟ ಮಾರು ಹಡಗಿನ್ಯಾಗ ನಮ್ಮ ದೇಶದ 376 ಮಂದಿ ಹೋಗಿದ್ರು, 1914ರಾಗ ಕೆನಡಾದ ವ್ಯಾಂಕೂವರ್‌ನ್ಯಾಗ ಭಾಳ ಮಂದೀನ್ನ ಇಳಿಯಾಕೂ ಬಿಡ್ಲಾರ್ದ ವಾಪಸ್ ಕಳಿಸಿದ್ರು. ನೂರು ವರ್ಷ ಆದ ಮ್ಯಾಲ 2014ರಾಗ ನಮ್ಮ ಸರ್ಕಾರ ಅದರ ನೆನಪಿಗೆ 5 ರೂಪಾಯಿದ್ದು, 100 ರೂಪಾಯಿದ್ದು ಹೊರಗ ತಂತು, 2016ರಾಗ ಆಗಿನ ಕೆನಡಾ ಪ್ರಧಾನಿ ಟ್ರುಡೊ ತಮ್ಮ ಪಾರ್ಲಿಮೆಂಟಿನ್ಯಾಗ ಕ್ಷಮಾ ಕೇಳಿದ್ರು. ಕಾಯಿನ್ ನೋಡೇ ಕೇಳಿದ್ರು ಅಂತ ನಾ ಅನ್ನಂಗಿಲ್ಲ, ಆದ್ರ ಬೈಲಾರ್ದ ಬೈಯೋದು ಅಂದ್ರ ಇದ ನೋಡ್ರಿ. 100ರದ್ದು ಟಂಕಸಾಲಿಯವ್ರು ಡಬ್ಬಿಯೊಳಗಿಟ್ಟು ಮಾರ್ತಾರ, ಸಂತ್ಯಾಗ ಬರಂಗಿಲ್ಲ, ಅಜ್ಜಿ ಕೈಗೆ ಬರೋದು 5, 10ರಂಥ ಸಣ್ಣವು ಅಷ್ಟ.

ಹಾವೇರಿ_ಖಾರಾ:
ಅಜ್ಜೀದೇನ್ ತಪ್ಪೈತ್ರಿ, ಹತ್ತರ ಕಾಯಿನ್‌ಗೆ 14 ನಮೂನಿ ಮುಖ ಮಾಡಿಟ್ರ ಯಾವ್ದು ಖರೆ ಅನ್ನಬೇಕು ಆಕಿ? ಆ 14ನೂ ನಡೀತಾವ ಅಂತ ಆರ್‌ಬಿಐ 2018ರ ಜನವರಿದಾಗ ಹೇಳೈತಿ, ಬ್ಯಾಡಗಿ ಸಂತಿಗೆ ಸುದ್ದಿ ಇನ್ನೂ ಮುಟ್ಟಿಲ್ಲ 😀 ನಂಗ ಕೊಡ್ರಿ, ನೋಟ್ ಕೊಡ್ತೀನಿ.

ಹುಬ್ಬಳ್ಳಿ_ಗಿರಮಿಟ್:
ಈಗ ಕೊಡಂಗಿಲ್ರೀ, ಮಗಳು ಇಸ್ಕೊಂಡು ಕುಂತಾಳ. ಆ ಸಿಂಹ ಅರ್ಧ ಮುಖ ಗಿರ್ ಕಾಡಿಂದು, ಅರ್ಧ ಆಫ್ರಿಕಾದ್ದಂತ. ಆಫ್ರಿಕಾದ್ದಕ್ಕ ಕೊಳ್ಳಾಗಿನ ಕೂದ್ಲಾ ದಟ್ಟ ಇರ್ತಾವು ಅಂತ ಹೇಳೀನಿ, ಆದ್ರ ನನ್ನ ಕಾಯಿನ್ ಸವದು ಎರಡೂ ಕಡೆ ಒಂದ ಆಗೈತಿ. ಯಾರ್ ಹತ್ರರೆ ಸವೀಲಾರದ್ದು ಇದ್ರ ಫೋಟೋ ಹಾಕ್ರೆಪಾ.