ಪದ ಬೇಕು: ಹಕ್ಕಿ ಫಲಕಕ್ಕೆ ‘ರ‍್ಯಾಡಿಕಲ್ ಪೇರ್’ (ಶುಕ್ರವಾರದೊಳಗೆ)

ಕೊಪ್ಪಳ:
ತುಂಗಭದ್ರಾ ಹಿನ್ನೀರಿನ ದಂಡೆಗೆ ವಲಸೆ ಹಕ್ಕಿ ದಿಕ್ಕು ಹಿಡಿಯುವ ಬಗೆ ಕುರಿತು ಫಲಕ ಐತ್ರಿ. ಶುಕ್ರವಾರ ಫ್ಲೆಕ್ಸ್ ಅಂಗಡಿಗೆ ಹೋಗಬೇಕು. ನೀಲಿ ಬೆಳಕು ಬಿದ್ದಾಗ ಕಣ್ಣಿನ ಕ್ರಿಪ್ಟೊಕ್ರೋಮ್ ಪ್ರೋಟೀನಿನೊಳಗೆ ಅಮೈನೊ ಆಮ್ಲ ಟ್ರಿಪ್ಟೊಫಾನ್‌ನಿಂದ ಬೆಳಕು ಹೀರುವ ಅಣು ಫ್ಲೇವಿನ್‌ಗೆ ಒಂದು ಎಲೆಕ್ಟ್ರಾನ್ ಹಾರಿ, ಎರಡೂ ಕಡೆ ಒಂದೊಂದು ಒಂಟಿ ಎಲೆಕ್ಟ್ರಾನ್ ಉಳಿಯುತ್ತದಲ್ಲ, ಅದಕ್ಕೆ ಕರಡಿನಲ್ಲಿ ‘ಮೂಲಕ ಯುಗ್ಮ’ ಅಂತ ಐತಿ. ಇಟ್ಟುಕೊಳ್ಳಬಹುದಾ? ‘ದುರ್ಬಲ ಕಾಂತಕ್ಷೇತ್ರವು ಈ ಕ್ರಿಯೆಯನ್ನು ಪ್ರಚೋದಿಸುತ್ತದೆ’ ಅನ್ನೋ ವಾಕ್ಯ ಸರಿ ಐತಾ?

ಬಳ್ಳಾರಿ:
‘ಮೂಲಕ’ ಬೇಡವೇ ಬೇಡ. ಓದುವವರು ‘ಯಾವುದರ ಮೂಲಕ?’ ಅಂತ ಹಿಂದಿನ ಪದ ಹುಡುಕುತ್ತಾರೆ. ಸಂಸ್ಕೃತದ ಮೂಲಕ ಎಂದರೆ ಮೂಲಂಗಿ. ಲ್ಯಾಟಿನ್ನಿನಲ್ಲೂ ಬೇರಿಗೆ ‘ರಾಡಿಕ್ಸ್’. ರ‍್ಯಾಡಿಶ್, ರ‍್ಯಾಡಿಕಲ್ ಎರಡೂ ಅದರ ಮಕ್ಕಳು. ಜೋಡಿಗೆ ನಮ್ಮಲ್ಲಿ ‘ಎಣೆ’ ಇದೆ. ಹಳಗನ್ನಡದಲ್ಲಿ ಚಕ್ರವಾಕಕ್ಕೆ ಎಣೆವಕ್ಕಿ ಎಂದೇ ಹೆಸರು. ಇರುಳಲ್ಲಿ ಅಗಲಿ ಬೆಳಗಾದ ಮೇಲೆ ಕೂಡುವ ಜೋಡಿ ಅದು, ಕವಿಸಮಯದಲ್ಲಿ. ದೂರವಾದರೂ ನಂಟು ಕಳೆದುಕೊಳ್ಳದ ಎರಡು ಎಲೆಕ್ಟ್ರಾನುಗಳಿಗೆ, ಅದೂ ಹಕ್ಕಿಯ ಫಲಕದಲ್ಲಿ, ಇದಕ್ಕಿಂತ ಒಪ್ಪುವ ಪದ ಸಿಗದು.

ರಾಯಚೂರು:
ಎಣೆ ಸಲ್ಲದು. ‘ಎಣೆಯಿಲ್ಲದ ಸೊಬಗು’ ಎಂದರೆ ಇಂದು ಸಾಟಿಯಿಲ್ಲದ ಸೊಬಗು. ‘ರ‍್ಯಾಡಿಕಲ್ ಜೋಡಿ’ ಎಂದು ಬರೆದು ಮುಗಿಸಿ.

ಪದಕ್ಕಿಂತ ‘ಪ್ರಚೋದಿಸುತ್ತದೆ’ ಎಂಬುದೇ ದೊಡ್ಡ ತಪ್ಪು. ಭೂಮಿಯ ಕಾಂತಕ್ಷೇತ್ರ ನಮ್ಮ ಕಡೆ ಸುಮಾರು 40 ಮೈಕ್ರೊಟೆಸ್ಲಾ (ಟೆಸ್ಲಾ ಕಾಂತಕ್ಷೇತ್ರದ ಅಳತೆ). ಎಲೆಕ್ಟ್ರಾನಿನ ಮೇಲೆ ಅದರ ಶಕ್ತಿ, ಅಣುಗಳು ಮೈಬಿಸಿಗೆ ಅಲುಗಾಡುವ ಶಕ್ತಿಯ ಐವತ್ತು ಲಕ್ಷದಲ್ಲಿ ಒಂದು ಪಾಲಿಗಿಂತಲೂ ಕಡಿಮೆ. ಅಷ್ಟರಿಂದ ಯಾವ ಬಂಧವೂ ಮುರಿಯದು, ಯಾವ ಕ್ರಿಯೆಯೂ ಶುರುವಾಗದು. ಜೋಡಿಯನ್ನು ಹುಟ್ಟಿಸುವುದು ಬೆಳಕು. ಆಮೇಲೆ ಅಕ್ಕಪಕ್ಕದ ಹೈಡ್ರೋಜನ್, ನೈಟ್ರೋಜನ್ ನ್ಯೂಕ್ಲಿಯಸ್ಸುಗಳ ಸೆಳೆತಕ್ಕೆ ಅದರ ಸ್ಪಿನ್ನುಗಳು (ಎಲೆಕ್ಟ್ರಾನುಗಳ ಪುಟ್ಟ ಕಾಂತಗುಣ) ಸಿಂಗ್ಲೆಟ್ (ಸ್ಥೂಲವಾಗಿ ಎದುರುಬದುರು) ಮತ್ತು ಟ್ರಿಪ್ಲೆಟ್ (ಒಂದೇ ದಿಕ್ಕು) ಸ್ಥಿತಿಗಳ ನಡುವೆ ಓಲಾಡುತ್ತವೆ. ಸಿಂಗ್ಲೆಟ್ ಇದ್ದಾಗ ಎಲೆಕ್ಟ್ರಾನ್ ಬಂದ ದಾರಿಯಲ್ಲಿ ಮರಳಬಹುದು. ಟ್ರಿಪ್ಲೆಟ್‌ಗೆ ಆ ದಾರಿ ಇಲ್ಲ, ಬೇರೆ ಉತ್ಪನ್ನದ ಕಡೆ ಹೋಗಬೇಕು. ಹೊರಗಿನ ಕ್ಷೇತ್ರ ಕೈಯಾಡಿಸುವುದು ಈ ಓಲಾಟದಲ್ಲಿ ಮಾತ್ರ. 40 ಮೈಕ್ರೊಟೆಸ್ಲಾದಲ್ಲಿ ಎಲೆಕ್ಟ್ರಾನ್ ಸ್ಪಿನ್ನಿನ ಒಂದು ಸುತ್ತಿಗೆ ಹತ್ತಿರಹತ್ತಿರ ಒಂದು ಮೈಕ್ರೊಸೆಕೆಂಡ್ ಬೇಕು. ಅದಕ್ಕಿಂತ ಬಹಳ ಮುಂಚೆ ಜೋಡಿ ಕೂಡಿಬಿಟ್ಟರೆ ಕ್ಷೇತ್ರ ಇದ್ದೂ ಇಲ್ಲದಂತೆ. ‘ಉತ್ಪನ್ನಗಳ ಪಾಲನ್ನು ಬದಲಿಸಬಹುದು’ ಎಂದು ಬರೆಯಿರಿ.

ಸಿಂಧನೂರು:
ಸ್ಪಿನ್, ಸಿಂಗ್ಲೆಟ್, ಟ್ರಿಪ್ಲೆಟ್. ಕನ್ನಡ ಎಲ್ಲಿ? ಸ್ಪಿನ್ನಿಗೆ ಗಿರಕಿ ಇದೆ, ಅಯಸ್ಕಾಂತಕ್ಕೆ ಸೂಜಿಗಲ್ಲು ಇದೆ. ‘ಅಯಸ್’ ಅಂದರೆ ಕಬ್ಬಿಣ. ಅದನ್ನು ಕಿತ್ತು ‘ಕಾಂತ’ ಒಂದನ್ನೇ ಉಳಿಸಿಕೊಂಡರೆ ಉಳಿಯುವುದು ನಲ್ಲ! ಕಬ್ಬಿಣ ನಮ್ಮದೇ ಪದ: ಕರ್, ಪೊನ್, ಕರ್ಬೊನ್. ಸಂಡೂರಿನಲ್ಲಿ ಅದಿರು ಅಗೆಯುವ ನಾಡಿಗೆ ಅಯಸ್ಸಿನ ಸಾಲ ಯಾಕೆ ಬೇಕು?

ರಾಯಚೂರು:
ಸೂಜಿಗಲ್ಲು ವಸ್ತು, ಕ್ಷೇತ್ರವಲ್ಲ. ಗಿರಕಿ ಎಂದ ಕೂಡಲೇ ಬುಗುರಿ ಕಣ್ಣಿಗೆ ಬರುತ್ತದೆ; ಎಲೆಕ್ಟ್ರಾನ್ ಹಾಗೆ ತಿರುಗುವುದಿಲ್ಲ.

ಸಿಂಧನೂರು:
ಇಂಗ್ಲಿಷಿನ ಸ್ಪಿನ್ನೂ ಬುಗುರಿಯೇ. ಅವರ ಬುಗುರಿ ವಿಜ್ಞಾನ, ನಮ್ಮ ಬುಗುರಿ ಆಟಿಕೆ ಅನ್ನುವುದು ಯಾವ ನ್ಯಾಯ?

ಗಂಗಾವತಿ:
ಕೊಪ್ಪಳದವರೇ, ಎರಡು ಮಾತು. ಫಲಕದ ಮೇಲೆ ಪಟ್ಟೆತಲೆ ಹೆಬ್ಬಾತಿನ ಚಿತ್ರ ಹಾಕೋದಾದರೆ ಎಚ್ಚರ. ಇಂಥ ಜೋಡಿಯಿಂದ ಹಕ್ಕಿ ದಿಕ್ಕು ಹಿಡಿಯಬಹುದು ಎಂಬ ಊಹೆಯನ್ನು ಭೌತವಿಜ್ಞಾನಿ ಕ್ಲೌಸ್ ಷುಲ್ಟೆನ್ ಮುಂದಿಟ್ಟದ್ದು 1978ರಲ್ಲಿ. 2021ರಲ್ಲಿ ಕಾಂತ ಪ್ರಭಾವ ಕಂಡದ್ದು ಯೂರೋಪಿನ ರಾಬಿನ್ ಹಕ್ಕಿಯ ಕ್ರಿಪ್ಟೊಕ್ರೋಮ್ 4ರಲ್ಲಿ, ಅದೂ ಪ್ರಯೋಗಾಲಯದಲ್ಲಿ ಬೇರ್ಪಡಿಸಿದ ಪ್ರೋಟೀನಿನಲ್ಲಿ, ಭೂಮಿಯದಕ್ಕಿಂತ ನೂರಾರು ಪಟ್ಟು ಹೆಚ್ಚಿನ ಕ್ಷೇತ್ರದಲ್ಲಿ. ಅದನ್ನು ಹೆಬ್ಬಾತಿನ ತಲೆಗೆ ಕಟ್ಟಬ್ಯಾಡ್ರಿ.

ಇನ್ನೊಂದು, ‘ರ‍್ಯಾ’. ಯೂನಿಕೋಡಿನಿಂದ ‘ನುಡಿ’ ತಂತ್ರಾಂಶದ ಅಕ್ಷರಕ್ಕೆ ಬದಲಿಸುವಾಗ ‘ರ’ದ ಮುಂದಿನ ಕಣ್ಣಿಗೆ ಕಾಣದ ಜೋಡಿಸುವ ಸಂಕೇತ ಬಿದ್ದುಹೋದರೆ ಅರ್ಕಾವತ್ತು ಬಂದು ‘ರ್ಯಾಡಿಕಲ್’ ಆಗುತ್ತದೆ. ಅಂಗಡಿಗೆ ಟೈಪಿಸಿದ ಸಾಲು ಕೊಡದೆ, ಅಕ್ಷರಗಳನ್ನು ಗೆರೆಗಳಾಗಿಸಿದ ಪಿಡಿಎಫ್ ಕೊಡಿ.

ಕೊಪ್ಪಳ:
ಎಲ್ಲರಿಗೂ ನಮಸ್ಕಾರ್ರಿ. ಹೋಗ್ತಿರೋ ಸಾಲು: ‘ನೀಲಿ ಬೆಳಕು ಬಿದ್ದಾಗ ಹಕ್ಕಿಯ ಕಣ್ಣಿನ ಕ್ರಿಪ್ಟೊಕ್ರೋಮ್ ಪ್ರೋಟೀನಿನಲ್ಲಿ ರ‍್ಯಾಡಿಕಲ್ ಜೋಡಿ ಹುಟ್ಟುತ್ತದೆ. ಅದರಿಂದ ಯಾವ ಉತ್ಪನ್ನ ಎಷ್ಟು ಎಂಬ ಪಾಲನ್ನು ಭೂಮಿಯ ಕಾಂತಕ್ಷೇತ್ರ ತುಸು ಬದಲಿಸಬಹುದು. ಕೆಲವು ಹಕ್ಕಿಗಳು ಹೀಗೆ ದಿಕ್ಕು ಹಿಡಿಯುತ್ತಿರಬಹುದು.’ ಸ್ಪಿನ್ ಬಿಟ್ಟೆ. ಚಿತ್ರ ರಾಬಿನ್‌ದೇ.

ಬಳ್ಳಾರಿ:
ಎಣೆ ಕೈಬಿಟ್ಟದ್ದು ತಪ್ಪು. ಬಳಸದೆ ಪದ ಹೇಗೆ ತಿಳಿದೀತು?