ನೆರೆ ಪರಿಹಾರಕ್ಕೆ ದುಡ್ಡು ಕೊಡಬೇಕು, ಯಾರಿಗೆ ಕೊಡೋದು?

ಚಂದಾ ಡಬ್ಬಿ (ಪ್ರಶ್ನೆ)
ಆಫೀಸಿನಲ್ಲಿ ಎಲ್ಲರೂ ನೆರೆ ಸಂತ್ರಸ್ತರಿಗೆ ಅಂತ ಒಂದು ದಿನದ ಸಂಬಳ ಕೊಟ್ಟಿದ್ದಾರೆ. ಯಾರಿಗೆ ಕಳಿಸಬೇಕು ಅನ್ನೋದನ್ನು ನನ್ನ ತಲೆಗೆ ಕಟ್ಟಿದ್ದಾರೆ. ಒಂದು ಸಂಸ್ಥೆ ಶೇ. 95 ನೇರವಾಗಿ ಜನರಿಗೇ ಹೋಗುತ್ತೆ ಅನ್ನುತ್ತೆ, ಇನ್ನೊಂದು ಶೇ. 80. ಹಾಗಾದ್ರೆ 95 ಅನ್ನುವವರಿಗೇ ಕೊಟ್ಟರಾಯ್ತು, ಅಲ್ವಾ? ಕೆಲವರು "ದುಡ್ಡು ಬೇಡ, ಬಟ್ಟೆ, ಕಂಬಳಿ ತಗೊಂಡು ನಾವೇ ಹೋಗೋಣ" ಅಂತಿದ್ದಾರೆ.

ಮೂಟೆ ಹೊತ್ತವನು
ಬಟ್ಟೆ ದಯವಿಟ್ಟು ಬೇಡ. ಅದನ್ನು ಇಳಿಸಿ, ವಿಂಗಡಿಸಿ, ಒಣಗಿಸೋಕೆ ಹತ್ತು ಜನ ಬೇಕು. ಆ ಹತ್ತು ಜನಕ್ಕೆ ಆಗ ಬೇರೆ ಕೆಲಸ ಇರುತ್ತೆ.

ಒದ್ದೆ ನೋಟ್‌ಬುಕ್
ನಾನು ಆರು ವರ್ಷ ಇದೇ ಕೆಲಸದಲ್ಲಿದ್ದೆ. ಪರಿಹಾರ ಹಂಚಿದ ಮೇಲೆ ಮನೆಮನೆಗೆ ಹೋಗಿ ಬಂತಾ, ಎಷ್ಟು ಬಂತು, ಉಪಯೋಗವಾಯ್ತಾ ಅಂತ ಕೇಳಿ ಬರೆದುಕೊಳ್ಳೋದು. ಆ 95, 80ನ್ನು ಮರೆತುಬಿಡಿ. ಟ್ರಕ್ ಬಾಡಿಗೆಯನ್ನು ಒಬ್ಬರು ಪರಿಹಾರದ ಲೆಕ್ಕಕ್ಕೆ ಹಾಕುತ್ತಾರೆ, ಇನ್ನೊಬ್ಬರು ಆಡಳಿತದ ಲೆಕ್ಕಕ್ಕೆ. ನನ್ನಂಥವರ ಸಂಬಳ ಆಡಳಿತ ವೆಚ್ಚವೇ. ನಮ್ಮನ್ನು ತೆಗೆದುಹಾಕಿದರೆ ಆ ಅಂಕಿ ಇನ್ನೂ ಚೆನ್ನಾಗಿ ಕಾಣುತ್ತೆ.

ಒಂದು ಶಿಬಿರದ ವಿಷಯ ಹೇಳ್ತೇನೆ. ಸ್ಫಿಯರ್ ಅನ್ನೋ ಕೈಪಿಡಿ ಇದೆ, ಪರಿಹಾರದವರೆಲ್ಲ ಅದನ್ನೇ ಹಿಡಿಯೋದು. ಅದರ ಪ್ರಕಾರ ಒಬ್ಬರಿಗೆ ದಿನಕ್ಕೆ ಕನಿಷ್ಠ 15 ಲೀಟರ್ ನೀರು ಬೇಕು. ಆ ಶಿಬಿರದ ವರದಿಯಲ್ಲಿ 16 ಅಂತಿತ್ತು. ಟ್ಯಾಂಕರ್‌ಗಳ ಲೆಕ್ಕ ತೆಗೆದು, ತಲೆ ಲೆಕ್ಕದಿಂದ ಭಾಗಿಸಿದ್ದರು. ನಾನು ಹೋದ ಮೊದಲ ಡೇರೆಯಲ್ಲಿ ಆರು ಜನ ಇದ್ದರು. ಇದ್ದದ್ದು ಒಂದೇ ಬಕೆಟ್, ಹತ್ತು ಲೀಟರಿನದು, ಹಿಡಿ ಮುರಿದು ಹಗ್ಗ ಕಟ್ಟಿತ್ತು. 90 ಲೀಟರ್ ತರಬೇಕು ಅಂದ್ರೆ ಒಂಬತ್ತು ಸಲ ಸಾಲಿನಲ್ಲಿ ನಿಲ್ಲಬೇಕು. "ಮೂರು ಸಲ ಆಗುತ್ತಪ್ಪ, ಅಷ್ಟರಲ್ಲಿ ಟ್ಯಾಂಕರ್ ಹೊರಟೇಹೋಗುತ್ತೆ" ಅಂದರು ಆ ಮನೆಯ ಅಜ್ಜಿ. ಅಂದ್ರೆ ತಲೆಗೆ ಐದು ಲೀಟರ್. ಮಿಕ್ಕಿದ್ದು ಡ್ರಮ್ ಇದ್ದವರಿಗೆ ಹೋಯ್ತು, ಒಂದಷ್ಟು ಕೆಸರಿಗೆ. ಮನೆಗೆ 10ರಿಂದ 20 ಲೀಟರಿನ ಎರಡು ಪಾತ್ರೆಯಾದರೂ ಕೊಡಿ ಅಂತ ಅದೇ ಕೈಪಿಡಿಯಲ್ಲಿದೆ! ನಾನು ಇದನ್ನೆಲ್ಲ ಬರೆದು ಕೊಟ್ಟೆ. ದಾನಿಗಳಿಗೆ ಹೋದ ವರದಿಯಲ್ಲಿ 16 ಮಾತ್ರ ಉಳಿಯಿತು.

ಅದಕ್ಕೇ ಸಂಸ್ಥೆಯವರನ್ನು ಒಂದೇ ಪ್ರಶ್ನೆ ಕೇಳಿ: "ಹೋದ ಸಲದ ಕೆಲಸದಲ್ಲಿ ಏನು ಎಡವಟ್ಟಾಯ್ತು? ಆ ವರದಿ ಕಳಿಸ್ತೀರಾ?"

ಖಾರದ ಪುಡಿ
ಜನ ಹಸಿದಿರುವಾಗ ಸರ್ವೆಗೆ ದುಡ್ಡು ಸುರಿಯೋದು ಯಾಕೆ? ನೇರವಾಗಿ ಜನರ ಕೈಗೆ ಹಣ ಕೊಟ್ಟರೆ ಮುಗೀತು.

ಒದ್ದೆ ನೋಟ್‌ಬುಕ್
ಹಣ ಕೊಡೋದು ಒಳ್ಳೆಯದೇ, ಸಂತೆ ನಡೀತಿದ್ರೆ. ಆದರೆ ಅಲ್ಲೂ ಯಾರು ಬಿಟ್ಟುಹೋದರು ಅಂತ ನೋಡೋಕೆ ಒಬ್ಬರು ಬೇಕು. 2010ರಲ್ಲಿ ಪಾಕಿಸ್ತಾನದ ನೆರೆಗೆ ಸುಮಾರು ಎರಡು ಕೋಟಿ ಜನ ಸಿಕ್ಕಿದ್ದರು. ಸರ್ಕಾರ ವತನ್ ಕಾರ್ಡ್ ಅಂತ ಎಟಿಎಂ ಕಾರ್ಡ್ ಥರದ್ದನ್ನು ಮಾಡಿ ಮೊದಲ ಕಂತಿನಲ್ಲಿ ಕುಟುಂಬಕ್ಕೆ ಅಲ್ಲಿನ 20,000 ರೂಪಾಯಿ ಕೊಟ್ಟಿತು. ಗುರುತಿನ ಚೀಟಿ ಇಲ್ಲದವರು ಒದ್ದಾಡಿದರು. ಗಂಡ ಇಲ್ಲದ ಹೆಂಗಸರು ಅದರಲ್ಲಿ ಜಾಸ್ತಿ. ಚೀಟಿ ಇದ್ದವರನ್ನಷ್ಟೇ ಎಣಿಸಿದ್ದರೆ ಇದು ಗೊತ್ತೇ ಆಗ್ತಿರಲಿಲ್ಲ.

ಸರ್ವೆ ಸುಮ್ನೆ ಅಲ್ಲ ಅನ್ನೋಕೆ ಇನ್ನೊಂದು. 2020ರ ಜುಲೈಯಲ್ಲಿ ಬಾಂಗ್ಲಾದೇಶದಲ್ಲಿ ಜಮುನಾ ನದಿ ಏರುತ್ತೆ ಅನ್ನೋ ಮುನ್ಸೂಚನೆ ಬಂದ ಕೂಡಲೇ ವಿಶ್ವಸಂಸ್ಥೆಯ ತುರ್ತು ನಿಧಿ 52 ಲಕ್ಷ ಡಾಲರ್ ಬಿಡುಗಡೆ ಮಾಡಿತು, ನೆರೆ ನೀರು ಪೂರ್ತಿ ಏರುವ ಮುಂಚೆಯೇ. ಆಮೇಲೆ ಹಣ ಸಿಕ್ಕವರನ್ನೂ ಸಿಗದವರನ್ನೂ ಹೋಲಿಸಿ ನೋಡಿದರು. ಹಣ ಸಿಕ್ಕ ಮನೆಗಳಲ್ಲಿ ಇಡೀ ದಿನ ಉಪವಾಸ ಬೀಳುವ ಸಾಧ್ಯತೆ ಮೂರರಲ್ಲೊಂದು ಪಾಲಿನಷ್ಟು ಕಡಿಮೆ ಇತ್ತು. ಕೇಳದೇ ಹೋಗಿದ್ದರೆ ಇದು ಹೇಗೆ ತಿಳಿಯೋದು?

ಮೂಟೆ ಹೊತ್ತವನು
"ಈ ನೆರೆಗೆ ಮಾತ್ರ" ಅಂತ ಷರತ್ತು ಹಾಕಬೇಡಿ. 2004ರ ಸುನಾಮಿಯಾದ ಕೆಲವೇ ದಿನಕ್ಕೆ ಎಂಎಸ್‌ಎಫ್ ಅನ್ನೋ ವೈದ್ಯರ ಪರಿಹಾರ ಸಂಸ್ಥೆಯವರು ಸಾಕು, ಇದಕ್ಕೆ ಇನ್ನು ಕಳಿಸಬೇಡಿ ಅಂದಿದ್ದರು. ಉಳಿದದ್ದನ್ನು ಬೇರೆ ಕಡೆ ಬಳಸಬಹುದಾ ಅಂತ ದಾನಿಗಳನ್ನೇ ಕೇಳಿದರು. ಬಹುಪಾಲು ಜನ ಒಪ್ಪಿದರು.

ಚಂದಾ ಡಬ್ಬಿ
ಇಬ್ಬರಿಗೂ ಬರೆದೆ. 95ರವರು ಬಣ್ಣದ ಫೋಟೊಗಳ ಪುಸ್ತಿಕೆ ಕಳಿಸಿದರು, ಮಕ್ಕಳು ನಗ್ತಿರೋದು. 80ರವರು ಹನ್ನೊಂದು ಪುಟದ ವರದಿ ಕಳಿಸಿದರು. ಮೂರನೇ ಪುಟದಲ್ಲೇ ಇದೆ: 20 ಜನಕ್ಕೆ ಒಂದರಂತೆ ಶೌಚಾಲಯ ಕಟ್ಟಿದೆವು, ಒಳಗಿನಿಂದ ಚಿಲಕ ಇಡಲಿಲ್ಲ, ರಾತ್ರಿ ಹೆಂಗಸರು ಯಾರೂ ಹೋಗಲಿಲ್ಲ, ಆಮೇಲೆ ಹಾಕಿಸಿದೆವು ಅಂತ. ಓದಿ ಸ್ವಲ್ಪ ಗಾಬರಿಯಾಯ್ತು. ಇವರಿಗೇ ಕೊಡಬೇಕಾ?

ಒದ್ದೆ ನೋಟ್‌ಬುಕ್
ಚಿಲಕ ಹಾಕೋಕೆ ಎಷ್ಟು ದಿನ ತಗೊಂಡ್ರು ಅಂತ ಇದೆಯಾ?

ಚಂದಾ ಡಬ್ಬಿ
ಇದೆ. ಒಂಬತ್ತು ದಿನ.

ಒದ್ದೆ ನೋಟ್‌ಬುಕ್
ದಿನ ಎಣಿಸಿ ಇಟ್ಟಿದ್ದಾರೆ. ಕಳಿಸಿ. ಅರ್ಧ ಈಗ, ಇನ್ನರ್ಧ ಮೂರು ತಿಂಗಳು ಬಿಟ್ಟು ಕೊಡಿ. ಕ್ಯಾಮೆರಾದವರೆಲ್ಲ ಹೋದಮೇಲೆ ಮನೆ ಕಟ್ಟೋಕೆ ದುಡ್ಡೇ ಇರಲ್ಲ.