ಪದಚರ್ಚೆ: ಪೋರ್ಟ್ 'ಕೇಳುತ್ತದೆ' ಅಂದರೆ ಏನರ್ಥ?

ಎಲ್ಲರಿಗೂ ನಮಸ್ಕಾರ.

ಕಾಲೇಜುಗಳಲ್ಲಿ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುವವರಿಗಾಗಿ ಕನ್ನಡದಲ್ಲಿ ಒಂದು ಪಟ್ಟಿ ಮಾಡುತ್ತಿದ್ದೇನೆ. ಮೂರು ಕಾಲಂ. ಪೋರ್ಟ್ ಸಂಖ್ಯೆ, ಆ ಸಂಖ್ಯೆಯಲ್ಲಿ ಸಾಮಾನ್ಯವಾಗಿ ಇರುವ ಸೇವೆ, ಆ ಪೋರ್ಟ್ ಬಳಸುವ ಕುತಂತ್ರಾಂಶ (ಮಾಲ್‌ವೇರ್, ಅಂದರೆ ಕೇಡು ಮಾಡಲೆಂದೇ ಬರೆದ ಪ್ರೋಗ್ರಾಂ). ಮೊದಲೆರಡು ಸಲೀಸಾಗಿ ಮುಗಿದವು. ಮೂರನೆಯದರ ತಲೆಬರಹದಲ್ಲೇ ಸಿಕ್ಕಿಹಾಕಿಕೊಂಡಿದ್ದೇನೆ. 'ಬಳಸುವ' ಅನ್ನೋ ಪದ ಓದುಗರ ದಾರಿ ತಪ್ಪಿಸುತ್ತೆ ಅಂತ ಅನ್ನಿಸುತ್ತಿದೆ. ಅದಕ್ಕೇ ಈ ಪತ್ರ.

ಈ ಕೆಲಸದ ಪರಿಚಯ ಇಲ್ಲದವರಿಗೆ ಎರಡು ಮಾತು. ಒಂದು ಕಂಪ್ಯೂಟರಿಗೆ ಬಂದ ಸಂದೇಶ ಅಲ್ಲಿರುವ ಯಾವ ಪ್ರೋಗ್ರಾಂಗೆ ಸೇರಬೇಕು ಅಂತ ಹೇಳುವ ಸಂಖ್ಯೆಯೇ ಪೋರ್ಟ್. 0ಯಿಂದ 65535ರವರೆಗೆ ಇರುತ್ತವೆ. 1024ಕ್ಕಿಂತ ಕೆಳಗಿನವು ಹೆಸರಾಂತ ಸೇವೆಗಳಿಗೆ ಮೀಸಲು. ವೆಬ್ಬಿಗೆ 80 ಮತ್ತು 443, ಇಮೇಲ್ ಸಾಗಿಸೋದಕ್ಕೆ 25, ಹೆಸರಿನಿಂದ ವಿಳಾಸ ಹುಡುಕಲು 53. ನಡುವೆ ಬೇರೆಯವರು ಓದಲಾಗದಂತೆ ದೂರದ ಯಂತ್ರಕ್ಕೆ ಲಾಗಿನ್ ಆಗುವ ಎಸ್‌ಎಸ್‌ಎಚ್‌ಗೆ 22. ಫಿನ್ಲೆಂಡಿನ ತಾತು ಯುಲೋನೆನ್ 1995ರಲ್ಲಿ ಇದನ್ನು ಬರೆದದ್ದು ಮುಚ್ಚುಮರೆಯಿಲ್ಲದೆ ಲಾಗಿನ್ ಆಗುವ ಟೆಲ್ನೆಟ್ ಮತ್ತು ಫೈಲ್ ಸಾಗಿಸುವ ಎಫ್‌ಟಿಪಿಗೆ ಬದಲಾಗಿ. ಎಫ್‌ಟಿಪಿ 21, ಟೆಲ್ನೆಟ್ 23. ನಡುವಿನ 22 ಖಾಲಿ ಇತ್ತು, ಕೇಳಿದರು, ಸಿಕ್ಕಿತು.

'ಪೋರ್ಟ್'ಗೆ ಕನ್ನಡ ಪದ ಬೇಕಾ ಅನ್ನೋದನ್ನು ಬೇಗ ಮುಗಿಸಿಬಿಡೋಣ. ಯಂತ್ರ ಅನುವಾದಿಸಿದ ಪುಟಗಳಲ್ಲಿ 'ತೆರೆದ ಬಂದರುಗಳು' ಅಂತ ಓದಿ ನಕ್ಕಿದ್ದೇನೆ. ಬಂದರು ಮಂಗಳೂರಿಗೂ ಕಾರವಾರಕ್ಕೂ ಇರಲಿ. 'ದ್ವಾರ' ದೇವಸ್ಥಾನಕ್ಕೆ ಸರಿ, ಇಲ್ಲಿ ಭಾರ. 'ಕಿಂಡಿ' ಮಾತ್ರ ಆಸೆ ಹುಟ್ಟಿಸುತ್ತದೆ. ಚಿತ್ರದುರ್ಗದ ಓಬವ್ವನ ಕಿಂಡಿಯಲ್ಲಿ ಹೈದರಾಲಿಯ ಸೈನಿಕರು ಒಬ್ಬೊಬ್ಬರಾಗಿ ತೂರಿ ಬಂದ ಕಥೆ ಗೊತ್ತಿರುವವರಿಗೆ ಅರ್ಧ ಪಾಠ ಅಲ್ಲೇ ಮುಗಿಯುತ್ತೆ. ಆದರೂ ಬೇಡ ಅಂತೀನಿ. ಕಲ್ಲಿನ ಕಿಂಡಿ ಯಾರಿಲ್ಲದಿದ್ದರೂ ಅಲ್ಲೇ ಇರುತ್ತದೆ. ಪೋರ್ಟ್ ಹಾಗಿಲ್ಲ. ಆ ಸಂಖ್ಯೆಯಲ್ಲಿ ಯಾವ ಪ್ರೋಗ್ರಾಮೂ ಕೂತಿಲ್ಲದಿದ್ದರೆ ಅಲ್ಲಿ ತೂರಲು ತೂತೇ ಇಲ್ಲ. ಹಾಗಾಗಿ ಪೋರ್ಟ್ ಅಂತಲೇ ಇಟ್ಟುಕೊಂಡಿದ್ದೇನೆ, ಫೈರ್‌ವಾಲನ್ನೂ (ಬೇಡದ ಸಂಪರ್ಕಗಳನ್ನು ತಡೆಯುವ ವ್ಯವಸ್ಥೆ) ಅಷ್ಟೇ. (ಮೊಬೈಲ್ ಅಂಗಡಿಯ 'ನಂಬರ್ ಪೋರ್ಟ್ ಮಾಡಿಸೋದು' ಬೇರೆ, ನಮ್ಮ 'ಪೋರ್ಟ್ ನಂಬರ್' ಬೇರೆ. ಇದನ್ನು ಒಂದು ಸಾಲಿನಲ್ಲಿ ಹೇಳಲೇಬೇಕು. ಕೇಳುವವರು ಇದ್ದೇ ಇರುತ್ತಾರೆ.)

ನಿಜವಾದ ಗೊಂದಲ ಇರೋದು ಕ್ರಿಯಾಪದದಲ್ಲಿ.

ಒಂದು ಪ್ರೋಗ್ರಾಂ ಪೋರ್ಟ್ ಹಿಡಿದು ಯಾರಾದರೂ ಸಂಪರ್ಕಿಸಲಿ ಅಂತ ಕೂತಿದ್ದರೆ ಇಂಗ್ಲಿಷಿನಲ್ಲಿ ಅದಕ್ಕೆ 'ಲಿಸನ್' ಅನ್ನುತ್ತಾರೆ. ಹಾಗಾದರೆ 'ಕೇಳುತ್ತದೆ' ಅನ್ನೋಣವೇ? ನಮ್ಮ 'ಕೇಳು' ಎರಡು ಕೆಲಸ ಮಾಡುತ್ತದಲ್ಲ! ಹಾಡು ಕೇಳುವುದೂ ಅದೇ, ಸಾಲ ಕೇಳುವುದೂ ಅದೇ. ಪುಟ ಕೊಡು ಅಂತ ಕೇಳುವುದು ಬ್ರೌಸರ್, ಕಿವಿಗೊಟ್ಟು ಕೂತಿರುವುದು ಸರ್ವರ್. 'ಸರ್ವರ್ 443ರಲ್ಲಿ ಕೇಳುತ್ತದೆ' ಅಂದರೆ ಸಂಬಂಧ ತಲೆಕೆಳಗಾಗಬಹುದು. ಕುತಂತ್ರಾಂಶದ ವಿಷಯದಲ್ಲಿ ಇದು ಇನ್ನೂ ಜಾಸ್ತಿ ತೊಂದರೆ. 2016ರ ಮಿರಾಯ್ ನೋಡಿ. ಕಾವಲು ಕ್ಯಾಮರಾ, ಅದರ ಚಿತ್ರ ಉಳಿಸುವ ಡಿವಿಆರ್, ರೂಟರುಗಳನ್ನು ಹಿಡಿದದ್ದು ಅದು. ಸಿಕ್ಕ ಸಿಕ್ಕ ವಿಳಾಸಗಳ 23 ಮತ್ತು 2323ನ್ನು ತಟ್ಟುತ್ತದೆ. ಟೆಲ್ನೆಟ್ ಉತ್ತರ ಕೊಟ್ಟರೆ ಕಾರ್ಖಾನೆಯಿಂದ ಬಂದಾಗಿನ ಹೆಸರು, ಪಾಸ್‌ವರ್ಡುಗಳನ್ನು ಒಂದೊಂದಾಗಿ ಹಾಕಿ ನೋಡುತ್ತದೆ. ಒಳಗೆ ಸೇರಿದ ಮೇಲೆ ಅಲ್ಲಿನ ಟೆಲ್ನೆಟ್ಟನ್ನು ಕೊಂದು ತಾನೇ 23ನ್ನು ಹಿಡಿದುಕೊಳ್ಳುತ್ತದೆ, ಇನ್ನೊಬ್ಬ ಕಳ್ಳ ಬರದಿರಲಿ ಅಂತ. ಈಗ 'ಮಿರಾಯ್ 23ರಲ್ಲಿ ಕೇಳುತ್ತದೆ' ಅಂತ ಬರೆದರೆ ತಟ್ಟುವುದೋ, ಹಿಡಿದು ಕೂತಿರುವುದೋ?

'ಕೇಳಿಸಿಕೊಳ್ಳುತ್ತದೆ' ಅಂದರೆ ಆಗಲೇ ಏನೋ ಕಿವಿಗೆ ಬಿದ್ದಿದೆ ಅನ್ನಿಸುತ್ತೆ. 'ಆಲಿಸುತ್ತದೆ' ಕಚೇರಿಯ ಭಾಷೆ, ಅಹವಾಲು ಆಲಿಸಿದಂತೆ. 'ಕಾಯುತ್ತದೆ' ಅನ್ನೋಣ ಅಂದರೆ ಅದಕ್ಕೂ ಕಾವಲಿನ ಅರ್ಥ ಅಂಟಿಕೊಂಡಿದೆ. ಟ್ರೋಜನ್ ಅಂದರೆ ಒಳ್ಳೆಯ ಪ್ರೋಗ್ರಾಮಿನ ವೇಷದಲ್ಲಿ ಬರುವ ಕುತಂತ್ರಾಂಶ. 'ಟ್ರೋಜನ್ 12345ನ್ನು ಕಾಯುತ್ತದೆ' ಅಂತ ಓದಿದವರು ಅದನ್ನು ಕಾವಲುಗಾರ ಅಂದುಕೊಂಡರೆ ತಪ್ಪು ಅವರದಲ್ಲ. ಸದ್ಯಕ್ಕೆ ನನಗೆ ಒಗ್ಗಿರುವುದು 'ಕಾದು ಕೂತಿದೆ'. ಕೂರು ಸೇರಿದ ಕೂಡಲೇ ಕಾವಲಿನ ಅರ್ಥ ಹಿಂದೆ ಸರಿಯುತ್ತದೆ. 'ಹೊಂಚು ಹಾಕಿದೆ' ಚೆನ್ನಾಗಿದೆ, ಆದರೆ ಪಾಪದ ವೆಬ್ ಸರ್ವರಿಗೆ ಅದನ್ನು ಹೇಳಲಾಗದು.

'ಓಪನ್' ಇನ್ನೊಂದು ತಲೆನೋವು. ಆಫೀಸಿನಲ್ಲಿ 'ಪೋರ್ಟ್ ಓಪನ್ ಮಾಡ್ಸಿ' ಅಂದರೆ ಫೈರ್‌ವಾಲಿನಲ್ಲಿ ತಡೆ ತೆಗೆಸಿ ಅಂತ. 'ಪೋರ್ಟ್ ಓಪನ್ ಇದೆ' ಅಂದರೆ ಯಾವುದೋ ಪ್ರೋಗ್ರಾಂ ಅಲ್ಲಿ ಕೂತಿದೆ, ತಲುಪಬಹುದು ಅಂತ. ತಡೆ ತೆಗೆದೂ ಯಾರೂ ಕೂತಿಲ್ಲದೆ ಇರಬಹುದು. ಕೂತಿದ್ದೂ ತಡೆ ಇರಬಹುದು. ಕನ್ನಡದಲ್ಲಿ ಎರಡಕ್ಕೂ 'ತೆರೆದಿದೆ' ಅಂತ ಬರೆಯೋದು ಸೋಮಾರಿತನ.

ಇನ್ನು 'ಬಳಸುವ'. 2003ರ ಆಗಸ್ಟಿನಲ್ಲಿ ಬ್ಲಾಸ್ಟರ್ ಅನ್ನೋ ಹುಳು (ಯಂತ್ರದಿಂದ ಯಂತ್ರಕ್ಕೆ ತಾನಾಗಿ ಹಬ್ಬುವ ಕುತಂತ್ರಾಂಶ) ಹರಡಿತು. ವಿಂಡೋಸ್ ಎಕ್ಸ್‌ಪಿ ಇಟ್ಟುಕೊಂಡವರಿಗೆ ನೆನಪಿರುತ್ತೆ, 60 ಸೆಕೆಂಡಿನ ಎಣಿಕೆ ತೋರಿಸಿ ಯಂತ್ರ ತಾನಾಗಿ ಮುಚ್ಚಿ ಮತ್ತೆ ಶುರುವಾಗುತ್ತಿತ್ತು. ಆ ದೋಷಕ್ಕೆ ಮೈಕ್ರೋಸಾಫ್ಟ್ ಜುಲೈನಲ್ಲೇ ತೇಪೆ ಕೊಟ್ಟಿತ್ತು, ಹಾಕಿಕೊಂಡವರು ಕಡಿಮೆ. ಪಟ್ಟಿಗಳಲ್ಲಿ ಇದರ ಮುಂದೆ ಸುಮ್ನೆ '135, 4444, 69' ಅಂತ ಇರುತ್ತದೆ. ಮೂರೂ ಬೇರೆ ಬೇರೆ ಸಂಗತಿ. 135ರಲ್ಲಿ ವಿಂಡೋಸಿನದೇ ಒಂದು ಸೇವೆ ಮೊದಲಿಂದಲೂ ಕೂತಿತ್ತು, ಹುಳು ಅದರ ದೋಷ ಹಿಡಿದು ನುಗ್ಗಿತು. 4444 ಮೊದಲು ಇರಲೇ ಇಲ್ಲ. ನುಗ್ಗಿದ ಮೇಲೆ ಆ ಯಂತ್ರದಲ್ಲಿ ಆಜ್ಞೆಗಾಗಿ ಕಾದು ಕೂತದ್ದು ಅಲ್ಲಿ. 69 ಇದ್ದದ್ದು ದಾಳಿ ಮಾಡಿದ ಯಂತ್ರದಲ್ಲಿ. ಬಲಿಯಾದ ಯಂತ್ರವೇ ಅಲ್ಲಿಗೆ ಹೋಗಿ ಹುಳುವಿನ ಫೈಲನ್ನು ತಂದುಕೊಂಡಿತು.

ಇಷ್ಟನ್ನೂ ನಮ್ಮ ವಿಭಕ್ತಿಗಳು ಆರಾಮಾಗಿ ಹೇಳುತ್ತವೆ ಅಲ್ವಾ? 135ರ ಮೂಲಕ, 4444ರಲ್ಲಿ, 69ಕ್ಕೆ. ನನ್ನ ಮೂರನೆಯ ಕಾಲಂಗೆ 'ಬಳಸುವ ಕುತಂತ್ರಾಂಶ' ತೆಗೆದು, ಪ್ರತಿ ಸಾಲಿನಲ್ಲೂ 'ಮೂಲಕ ನುಗ್ಗುತ್ತದೆ', 'ಅಲ್ಲಿ ಕಾದು ಕೂರುತ್ತದೆ', 'ಅಲ್ಲಿಗೆ ಹೋಗುತ್ತದೆ' ಅಂತ ಬರೆಯೋಣ ಅಂದುಕೊಂಡಿದ್ದೇನೆ. '135ರಿಂದ' ಬೇಕಂತಲೇ ಬಿಟ್ಟೆ. ಮನೆಮಾತಿನಲ್ಲಿ 'ಕಿಟಕಿಯಿಂದ ಒಳಗೆ ಬಂದ' ಸರಿಯೇ. ಇಲ್ಲಿ ಹೊರಟ ಜಾಗದ ಪೋರ್ಟ್ ಅಂತ ಓದಿಕೊಳ್ಳುತ್ತಾರೆ.

ಹೀಗೆ ಬರೆದರೆ ಪಟ್ಟಿ ತಾನಾಗಿ ವಿಂಗಡವಾಗುತ್ತದೆ. 2003ರ ಜನವರಿಯ ಸ್ಲ್ಯಾಮರ್ 1434ರ ಮೂಲಕ, 2017ರ ಮೇ ತಿಂಗಳ ವನ್ನಾಕ್ರೈ 445ರ ಮೂಲಕ. ಎರಡೂ ಕಡೆ ಮೊದಲೇ ಕೂತಿದ್ದ ಸೇವೆಯ ದೋಷ. 1998ರ ನೆಟ್‌ಬಸ್ 12345ರಲ್ಲಿ, ಅದೇ ವರ್ಷದ ಬ್ಯಾಕ್ ಆರಿಫಿಸ್ 31337ರಲ್ಲಿ ಕಾದು ಕೂರುತ್ತಿದ್ದವು. ಈ 31337 ಹುಡುಗಾಟದ ಸಂಖ್ಯೆ. ಅಂಕಿಗಳನ್ನು ಇಂಗ್ಲಿಷ್ ಅಕ್ಷರಗಳ ಹಾಗೆ ಓದಿದರೆ 'ಎಲೀಟ್' ಬರುತ್ತದೆ. ಬೇಕಾದರೆ ಬದಲಿಸಿಕೊಳ್ಳಲೂ ಬರುತ್ತಿತ್ತು, ಹಾಗಾಗಿ ಸಂಖ್ಯೆಯೇ ವಿಷ ಅಂತ ನಂಬಬಾರದು. ಈಚಿನ ಕುತಂತ್ರಾಂಶಗಳು ಜಾಸ್ತಿ ಹೊರಗಿನ ಯಾವುದೋ ಸರ್ವರಿನ 443ಕ್ಕೆ ಹೋಗುತ್ತವೆ, ಸಾಮಾನ್ಯ ವೆಬ್ ಸಂಚಾರದಲ್ಲಿ ಬೆರೆತು. 'ಬಳಸುವ' ಅಂತ ಬರೆದು 443ನ್ನೂ ಪಟ್ಟಿಗೆ ಸೇರಿಸಿದರೆ, ಯಾರಾದರೂ ಅದನ್ನು ಮುಚ್ಚಿಸಿ 'ಲ್ಯಾಬಿನಲ್ಲಿ ಒಂದು ಪುಟವೂ ತೆರೀತಿಲ್ಲ' ಅಂತ ಫೋನ್ ಮಾಡುತ್ತಾರೆ.

ನಿಮ್ಮಿಂದ ಬೇಕಾದದ್ದು ಎರಡು. 'ಕಾದು ಕೂತಿದೆ'ಗಿಂತ ಚಿಕ್ಕದಾದ, ಕಾಲಂನಲ್ಲಿ ಹಿಡಿಸುವ ಪದ ಯಾರ ಬಳಿಯಾದರೂ ಇದೆಯೇ? ಇನ್ನೊಂದು, ಬ್ಯಾಕ್‌ಡೋರ್, ಅಂದರೆ ಯಂತ್ರದೊಳಗೆ ಗುಟ್ಟಾಗಿ ನುಸುಳಲು ಇಟ್ಟ ದಾರಿ. 'ಹಿಂಬಾಗಿಲು' ಅಂದರೆ ರಾಜಕಾರಣ ನೆನಪಾಗುತ್ತೆ. 'ದಿಡ್ಡಿ ಬಾಗಿಲು' ನನಗಿಷ್ಟ, ಕೋಟೆಯ ದೊಡ್ಡ ಬಾಗಿಲು ಮುಚ್ಚಿದ್ದರೂ ಒಳಗಿನವರು ಬಳಸುವ ಚಿಕ್ಕ ಬಾಗಿಲು. ನಿಮ್ಮ ಊರ ಕಡೆ ಈ ಮಾತು ಇನ್ನೂ ಚಾಲ್ತಿಯಲ್ಲಿದ್ದರೆ, ಮನೆಯ ಯಾವ ಬಾಗಿಲಿಗೆ ಹೇಳುತ್ತಾರೆ ಅಂತ ಬರೆಯಿರಿ.